ಸೊಲ್ಲಿಗೆ ಬಿಟ್ಟ ಬಿಡುವು

2022ನೇ ಇಸವಿ. ನಾನಾಗ ಪಾಂಡವಪುರದ ಒಂದು ಅಧ್ಯಯನ ಕೇಂದ್ರದಲ್ಲಿ ಸಂಯೋಜಕಿಯಾಗಿದ್ದೆ. ಅಧ್ಯಯನ ಕೇಂದ್ರ ಎಂದರೆ ದೊಡ್ಡ ಕಟ್ಟಡವೇನೂ ಅಲ್ಲ, ಎರಡು ಕೋಣೆ ಮತ್ತು ಒಂದು ಕೆಟ್ಟ ಫ್ಯಾನು. ಓದು ಬಿಟ್ಟು ಮದುವೆ, ಮಕ್ಕಳು, ಹಸು, ಹೊಲ ಎಂದು ಮುಳುಗಿಹೋದವರು ಮತ್ತೆ ಓದಲು ಬಂದರೆ ಅವರಿಗೆ ಪುಸ್ತಕ ಕೊಟ್ಟು, ಭಾನುವಾರ ಪಾಠ ಹೇಳಿ, ಪರೀಕ್ಷೆ ಬರೆಸಿ ಕಳಿಸುವುದು ನಮ್ಮ ಕೆಲಸ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳು ನನ್ನ ಪಾಲಿಗಿದ್ದವು. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಗದರಿ ಗದರಿ ಗಂಟಲು ಕಟ್ಟಿದ್ದ ನನಗೆ ದೊಡ್ಡವರಿಗೆ ಪಾಠ ಹೇಳುವುದು ಸುಲಭ ಎಂಬ ಭ್ರಮೆಯಿತ್ತು.

ಆ ವರ್ಷ ನಮ್ಮ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸಿಗೆ ಗ್ರೂಪ್ ಪ್ರಾಜೆಕ್ಟ್ ಎಂಬ ಹೊಸ ಪೀಡೆ ಸೇರಿಕೊಂಡಿತು. ನಾಲ್ಕು ಜನ ಸೇರಿ ಒಂದು ಕೆಲಸ ಮಾಡಬೇಕು, ನಾಲ್ವರ ಪಾಲೂ ಅದರಲ್ಲಿ ಕಾಣಬೇಕು, ಒಬ್ಬರು ಕೈಬಿಟ್ಟರೂ ಇಡೀ ಗುಂಪು ಅಪೂರ್ಣ. ಅಪೂರ್ಣವಾದರೆ ನಾಲ್ವರಿಗೂ ವರ್ಷ ವ್ಯರ್ಥ. ಈ ನಿಯಮ ಮಾಡಿದವರನ್ನು ನಾಲ್ವರು ಓರಗಿತ್ತಿಯರಿರುವ ಮನೆಯಲ್ಲಿ ಒಂದು ವಾರ ಅಡುಗೆಗೆ ನಿಲ್ಲಿಸಬೇಕು ಎಂದು ನಾನು ಬೈದುಕೊಂಡದ್ದುಂಟು. ನಮ್ಮವರಿಗೆ ಭಾನುವಾರದ ಪಾಠಕ್ಕೆ ಬಸ್ಸು ಹಿಡಿದು ಬರುವುದೇ ಕಷ್ಟ. ಗುಂಪಿನ ಕೆಲಸವೆಲ್ಲ ಮೊಬೈಲಿನಲ್ಲೇ ಆಗಬೇಕಿತ್ತು.

ಒಂದು ಗುಂಪಿನ ನಾಲ್ವರೂ ಹೆಂಗಸರು, ತಾಲ್ಲೂಕಿಗೊಬ್ಬರು. ಶ್ರೀರಂಗಪಟ್ಟಣದ ಸುಮಿತ್ರ ಎಲ್ಲರಿಗಿಂತ ಚಿಕ್ಕವಳು, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಳು, ಮೊಬೈಲಿನಲ್ಲಿ ಹಾಡು ಕತ್ತರಿಸುವುದು ಜೋಡಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಪಾಂಡವಪುರದ ಮಹದೇವಮ್ಮ ಬಟ್ಟೆ ಹೊಲಿಯುತ್ತಿದ್ದರು. ನಾಗಮಂಗಲದ ನಾಗರತ್ನಮ್ಮನದು ಹೂವಿನ ವ್ಯಾಪಾರ, ಮಗಳ ಮದುವೆ ಗೊತ್ತಾಗಿತ್ತು. ನಾಲ್ಕನೆಯವರು ಜಯಮ್ಮ. ಕೆ.ಆರ್.ಪೇಟೆ ತಾಲ್ಲೂಕು, ಗೋವಿಂದನಹಳ್ಳಿಯ ಆಚೆಗಿನ ಊರು. ಎರಡು ಹಸು, ದಮ್ಮಿನ ಕಾಯಿಲೆಯಿಂದ ಗೇಯಲಾಗದೆ ಮನೆ ಹಿಡಿದಿದ್ದ ಗಂಡ ಸಿದ್ದೇಗೌಡರು. ಊರಿನ ಹೆಂಗಸರ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವರ ಜಾಗ ಖಾಲಿಯಾಗುವುದರಲ್ಲಿತ್ತು, ಸರ್ಟಿಫಿಕೇಟ್ ತಂದರೆ ಅದು ನಿನಗೇ ಎಂದು ಅಲ್ಲಿನವರು ಜಯಮ್ಮನಿಗೆ ಮಾತು ಕೊಟ್ಟಿದ್ದರು. ಆ ಮನೆಯ ಮುಂದಿನ ಅನ್ನ ಆ ಕಾಗದದ ಮೇಲೆ ನಿಂತಿತ್ತು.

ಇವರು ಆರಿಸಿಕೊಂಡ ವಿಷಯ ಸೋಬಾನೆ ಪದ. ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕರೆಯುವಾಗ, ಅರಿಶಿನ ಹಚ್ಚುವಾಗ ಹೆಂಗಸರು ಹೇಳುವ ಹಾಡುಗಳು. ಒಬ್ಬರು ಮುಂದಾಳಾಗಿ ಸಾಲು ಹೇಳುತ್ತಾರೆ, ಉಳಿದವರು ಅದನ್ನು ಹಿಡಿದು ತಿರುಗಿ ಹೇಳುತ್ತಾರೆ. ತಿರುಗಿ ಹೇಳುವುದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ಜಯಮ್ಮನಿಗೆ ಅಜ್ಜಿಯಿಂದ ಬಂದ ಪದಗಳು ರಾಶಿ ರಾಶಿ ಇದ್ದವು, ದನಿಯೂ ಹಾಗೇ, ಕಣಜದಿಂದ ರಾಗಿ ಸುರಿದ ಹಾಗೆ. ಅವರೇ ಮುಂದಾಳಾದರು.

ಮೊದಲ ದಿನ ಆನ್‌ಲೈನ್ ಮೀಟಿಂಗಿನಲ್ಲಿ ನಾಲ್ವರೂ ಒಟ್ಟಿಗೆ ಹಾಡಲು ಹೋದರು. ನಾನೂ ಕೇಳಲು ಕೂತೆ. ನೆಟ್‌ವರ್ಕಿನಲ್ಲಿ ದನಿ ತಲುಪಲು ಒಂದೆರಡು ಕ್ಷಣ ತಡವಾಗುತ್ತದೆ, ಅದಕ್ಕೆ ಲ್ಯಾಗ್ ಎನ್ನುತ್ತಾರೆ. ಜಯಮ್ಮ ಎರಡನೇ ಸಾಲಿಗೆ ಹೋದಾಗ ನಾಗಮಂಗಲದಿಂದ ಮೊದಲನೇ ಸಾಲಿನ ಸೊಲ್ಲು ಬಂತು, ಪಾಂಡವಪುರದ ಸೊಲ್ಲು ಅದಕ್ಕೂ ಹಿಂದೆ ಬಿತ್ತು. ಸಂತೆ ದಿನದ ಬಸ್ ಸ್ಟಾಂಡಿನ ಗದ್ದಲ ಅದಕ್ಕಿಂತ ವಾಸಿ. ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ಆಗ ದಾರಿ ತೋರಿಸಿದವರು ಜಯಮ್ಮನೇ.

"ಇಂಗ್ ಮಾಡಾನ ಮೇಡಂನೋರೆ. ನಾನೊಂದು ಸಾಲು ಯೋಳಿ ಸುಮ್ಕಿರ್ತೀನಿ, ನೀವು ಸೊಲ್ಲು ಕೊಡೋವಷ್ಟು ಹೊತ್ತು. ಆಮ್ಯಾಕೆ ಇನ್ನೊಂದ್ ಸಾಲು. ಆ ಖಾಲಿ ಜಾಗ್ದಾಗೆ ಇವ್ರು ಅವರವರ ಮನೇಲೇ ಕುಂತ್ಕಂಡು ತುಂಬ್ಕಳ್ಳಿ."

ಹಾಗೇ ಆಯಿತು. ಜಯಮ್ಮ ಮನೆಯಲ್ಲಿ ಒಬ್ಬರೇ ಕೂತು ಸಾಲು ಹೇಳುವುದು, ಕೇಳದ ಮೂರು ದನಿಗಳಿಗಾಗಿ ಸುಮ್ಮನೆ ಕಾಯುವುದು, ಮತ್ತೆ ಹೇಳುವುದು. ಅದು ವಾಟ್ಸಾಪಿನಲ್ಲಿ ನಮ್ಮೆಲ್ಲರಿಗೂ ಬರುತ್ತಿತ್ತು. ಉಳಿದ ಮೂವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಮ್ಮ ತಮ್ಮ ಸೊಲ್ಲನ್ನು ಹಾಡಿ ಕಳಿಸುತ್ತಿದ್ದರು. ಸುಮಿತ್ರ ಎಲ್ಲವನ್ನೂ ಒಂದರ ಮೇಲೊಂದು ಕೂರಿಸುತ್ತಿದ್ದಳು. ಸಿದ್ಧವಾದ ಹಾಡು ಕೇಳಿದರೆ ನಾಲ್ವರೂ ಒಂದೇ ಚಾಪೆಯ ಮೇಲೆ ಕೂತು ಹಾಡಿದ್ದಾರೆ ಅನ್ನಿಸುತ್ತಿತ್ತು. ಅವರಲ್ಲಿ ಒಬ್ಬರು ಇನ್ನೊಬ್ಬರ ಮನೆಯ ಬಾಗಿಲನ್ನೂ ಕಂಡವರಲ್ಲ. ಭಾನುವಾರದ ಪಾಠದಲ್ಲಿ ಅಪರೂಪಕ್ಕೆ ಮುಖ ನೋಡಿದ್ದಷ್ಟೇ ಅವರ ಪರಿಚಯ.

ಸುಮಿತ್ರಳಿಗೆ ಒಂದೇ ತಕರಾರು. ಜಯಮ್ಮನ ಆ ಖಾಲಿ ಜಾಗ ಖಾಲಿಯಾಗಿರುತ್ತಿರಲಿಲ್ಲ. ತಾಳಕ್ಕೆಂದು ತೊಡೆ ತಟ್ಟಿದಾಗ ಗಾಜಿನ ಬಳೆ ಝಲ್ ಎನ್ನುತ್ತಿತ್ತು. ಅದರ ಹಿಂದೆಯೇ ಒಂದು ಕೆಮ್ಮು. ಪ್ರತಿ ಸಾಲಾದ ಮೇಲೂ ಬಳೆ, ಆಮೇಲೆ ಕೆಮ್ಮು. ಬೇಡದ ಸದ್ದು ತೆಗೆಯುವುದಕ್ಕೆ ಎಡಿಟಿಂಗಿನವರು ಕ್ಲೀನ್ ಮಾಡುವುದು ಎನ್ನುತ್ತಾರೆ. ಸುಮಿತ್ರ ಕ್ಲೀನ್ ಮಾಡಿ ಮಾಡಿ ಬೇಸತ್ತಿದ್ದಳು.

"ಅಕ್ಕ, ಯಾರಕ್ಕ ಅದು ಕೆಮ್ಮೋದು?" ಎಂದು ಗ್ರೂಪಿನಲ್ಲೇ ಕೇಳಿದಳು.

"ನಮ್ಮನೆಯೋರು ಕನವ್ವ. ವಸಿ ದಮ್ಮು. ಜಗುಲಿ ಮಂಚದಾಗೆ ಮನಿಕ್ಕಂಡಿರ್ತಾರೆ," ಎಂದು ಜಯಮ್ಮ ನಗುತ್ತಾ ಉತ್ತರ ಕಳಿಸಿದರು.

"ಭಾವುಂಗೆ ಯೋಳಕ್ಕ, ಪದ ಮುಗಿಯೋಗಂಟ ತಡ್ಕಳಿ ಅಂತ. ನೀನೂ ಬಳೆ ತೆಗ್ದಿಟ್ಟು ಯೋಳಬಾರ್ದಾ?"

"ಯಾಕವ್ವ, ಬಿಡ್ತು ಅನ್ನು. ಬಳೆ ತೆಗಿಯಕ್ಕಾದದೇ?"

ಎಲ್ಲರೂ ನಕ್ಕರು, ನಾನೂ ಒಂದು ನಗುವ ಮುಖ ಹಾಕಿದೆ. ಸುಮಿತ್ರ ಹಟ ಬಿಡಲಿಲ್ಲ. "ಕೊನೇ ಪದ ಒಂದಾದ್ರೂ ಬಳೆ ಸದ್ದು, ಕೆಮ್ಮು ಎಲ್ಡೂ ಇಲ್ದಂಗೆ ಕಳ್ಸಕ್ಕ, ನಿನ್ ಕಾಲಿಗ್ ಬೀಳ್ತೀನಿ," ಎಂದಳು. ಹೆಣ್ಣನ್ನು ಹಸೆಗೆ ಕರೆಯುವ ಹಾಡು ಕೊನೆಯದಾಗಿ ಉಳಿದಿತ್ತು.

ಆಮೇಲೆ ಜಯಮ್ಮನ ಸುದ್ದಿಯಿಲ್ಲ. ಸುಮಾರು ಎರಡು ವಾರ ಗ್ರೂಪಿನಲ್ಲಿ ಒಂದು ಅಕ್ಷರವಿಲ್ಲ. ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ಮಹದೇವಮ್ಮ ಗಾಬರಿಯಾದರು, ನಾಗರತ್ನಮ್ಮ ಸಿಡುಕಿದರು, ನಾನು ಹಸು ಈದಿರಬೇಕು ಎಂದು ಸಮಾಧಾನ ಹೇಳಿದೆ. ಒಂದು ಬೆಳಿಗ್ಗೆ, ಹೇಳದೆ ಕೇಳದೆ, ಹಾಡು ಬಂತು. ಜೊತೆಗೆ ಒಂದು ಮಾತೂ ಇಲ್ಲ, ಬರೀ ಹಾಡು.

ಅಷ್ಟು ಶುದ್ಧವಾದ ರೆಕಾರ್ಡಿಂಗ್ ಅವರಿಂದ ಎಂದೂ ಬಂದಿರಲಿಲ್ಲ. ಒಂದು ಸಾಲು, ಆಮೇಲೆ ನಿಶ್ಶಬ್ದ. ಇನ್ನೊಂದು ಸಾಲು, ಮತ್ತೆ ನಿಶ್ಶಬ್ದ. ಬಳೆಯಿಲ್ಲ, ಕೆಮ್ಮಿಲ್ಲ. ಸುಮಿತ್ರ ಚಪ್ಪಾಳೆಯ ಚಿತ್ರಗಳನ್ನು ಸಾಲಾಗಿ ಹಾಕಿ, "ಈಗ ಸಂದಾಗ್ ಬಂತು ನೋಡಕ್ಕ, ಒಂದ್ ಸದ್ದೂ ಇಲ್ಲ," ಎಂದು ಬರೆದಳು. ಜಯಮ್ಮ ಅದಕ್ಕೆ ಕೈಮುಗಿದ ಚಿತ್ರ ಕಳಿಸಿದರು. ಮೂವರೂ ಸೊಲ್ಲು ತುಂಬಿದರು, ಸುಮಿತ್ರ ಜೋಡಿಸಿದಳು, ಪ್ರಾಜೆಕ್ಟ್ ಮೌಲ್ಯಮಾಪನಕ್ಕೆ ಹೋಯಿತು.

ಕೆಲವು ವಾರ ಕಳೆದು ನಾಗರತ್ನಮ್ಮನ ಮಗಳ ಮದುವೆ. ನಾಗಮಂಗಲದ ಛತ್ರಕ್ಕೆ ನಾನು, ಸುಮಿತ್ರ, ಮಹದೇವಮ್ಮ ಹೋಗಿದ್ದೆವು. ಜಯಮ್ಮ ಮಾತ್ರ ಹಸು ನೋಡಿಕೊಳ್ಳುವವರಿಲ್ಲ ಎಂದು ಹೇಳಿ ಬಂದಿರಲಿಲ್ಲ. ಈಗಿನ ಮದುವೆಗಳಲ್ಲಿ ಸೋಬಾನೆ ಹೇಳುವವರು ಎಲ್ಲಿ ಸಿಗುತ್ತಾರೆ? ನಾಗರತ್ನಮ್ಮ ನಮ್ಮ ಪ್ರಾಜೆಕ್ಟಿನ ಕೊನೆಯ ಹಾಡನ್ನೇ, ಹಸೆಗೆ ಕರೆಯುವುದನ್ನೇ, ಸ್ಪೀಕರಿಗೆ ಹಾಕಿಸಿದರು. ಹುಡುಗಿ ಹಸೆಗೆ ಬಂದು ಕೂತಳು. ಜಯಮ್ಮನ ದನಿ ಇಡೀ ಛತ್ರ ತುಂಬಿತು. ಹಾಡು ಅರ್ಧಕ್ಕೆ ಬಂದಿರಬೇಕು, ಗಂಡಿನ ಕಡೆಯಿಂದ ಬಂದಿದ್ದ, ಜಯಮ್ಮನ ತಾಲ್ಲೂಕಿನದೇ ಆದ ಶೀಳನೆರೆಯ ಒಬ್ಬ ಹೆಂಗಸು ಎದ್ದು ನಿಂತರು.

"ಇದ್ಯಾಕ್ರವ್ವಾ, ಇದು ಜಯಕ್ಕನ್ ದನಿ ಅಲ್ವಾ? ಸಿದ್ದಣ್ಣ ತೀರ್ಕಂಡು ಇನ್ನೂ ಎಲ್ಡ್ ತಿಂಗ್ಳಾಗಿಲ್ಲ. ಅವ್ಳ್ ಕೈಲಿ ಸೋಬಾನ ಯೋಳ್ಸೀರಾ?"

"ಮುಂಚೇನೇ ಯೋಳಿದ್ದಿರ್ಬೇಕು ಬುಡಿ," ಎಂದರು ಯಾರೋ. ನಾಗರತ್ನಮ್ಮ ಸುಮಿತ್ರಳ ಮುಖ ನೋಡಿದರು. ಸುಮಿತ್ರ ಮೊಬೈಲು ತೆಗೆದು ಹಾಡು ಬಂದ ದಿನ ನೋಡಿದಳು, ಆ ಹೆಂಗಸು ಹನ್ನೊಂದನೇ ದಿನದ ತಿಥಿ ಯಾವತ್ತಾಯಿತೆಂದು ಹೇಳಿದರು. ತಿಥಿಯಾದ ಮಾರನೆಯ ಬೆಳಿಗ್ಗೆಯೇ ಹಾಡು ಬಂದಿತ್ತು.

ನಮ್ಮ ಕಡೆ ಗಂಡ ಸತ್ತವರು ಸೋಬಾನೆಗೆ ಮುಂದಾಳಾಗುವುದಿಲ್ಲ. ಎಷ್ಟೇ ಪದ ಬಲ್ಲವರಾಗಲಿ, ಒಳಗೆ ಕೂತು ಹೇಳಿಕೊಡಬಹುದು ಅಷ್ಟೇ. ತಿಥಿಯ ಮಾರನೆಯ ದಿನದ ಮನೆಯಿಂದ ಬಂದ ದನಿ ಹಸೆಯ ಮೇಲೆ ಕೂತ ಹುಡುಗಿಯನ್ನು ಹೆಸರು ಹಿಡಿದು ಕರೆಯುತ್ತಿದ್ದಂತೆ ಎಲ್ಲರಿಗೂ ಕೇಳಿಸಿತು. ಜಯಮ್ಮ ಒಂದು ಸಾಲು ಹೇಳಿ ಮುಗಿಸಿದ್ದರು, ಸೊಲ್ಲು ಬರಬೇಕಿತ್ತು. ನಾಗರತ್ನಮ್ಮ ಓಡಿಹೋಗಿ ಪ್ಲಗ್ ಕಿತ್ತರು. ಹುಡುಗಿ ತಲೆ ಎತ್ತಲಿಲ್ಲ. ಓಲಗದವರಿಗೆ ಯಾರೋ ಸನ್ನೆ ಮಾಡಿದರು, ಶಾಸ್ತ್ರ ಮುಂದುವರಿಯಿತು.

ಸುಮಿತ್ರ ಕೈತೊಳೆಯುವ ಜಾಗದಲ್ಲಿ ನಲ್ಲಿ ಹಿಡಿದುಕೊಂಡು ನಿಂತಿದ್ದಳು. "ನಾನೇ ಕೇಳಿದ್ದು ಮೇಡಂ. ಬಳೆ ಬ್ಯಾಡ, ಕೆಮ್ಮು ಬ್ಯಾಡ ಅಂತ. ಎಲ್ಡೂ ಇಲ್ದಂಗೇ ಬಂತು. ನಾನು ಚಪ್ಪಾಳೆ ತಟ್ಟಿದೆ," ಎಂದಳು. ಮಹದೇವಮ್ಮನನ್ನೂ ಕರೆದುಕೊಂಡು, ಊಟ ಮಾಡದೆ ಬಸ್ಸು ಹತ್ತಿದೆವು.

ಎರಡು ದಿನ ಬಿಟ್ಟು ನಾಗರತ್ನಮ್ಮ ಫೋನ್ ಮಾಡಿದರು. "ಆ ದನಿ ತೆಗ್ದಾಕ್ಸಿ ಮೇಡಂನೋರೆ. ಬೇರೆಯೋರ ಕೈಲಿ ಯೋಳ್ಸಿ ಕಳ್ಸಾನ."

"ಒಪ್ಪಿಸಿದ ಮೇಲೆ ಬದಲಿಯವರನ್ನು ಹಾಕಿದರೆ ನೀವು ಮೂವರು ಉಳಿಯುತ್ತೀರಿ, ಜಯಮ್ಮ ಮಾತ್ರ ಫೇಲು. ಈಗ ಆ ಡೇರಿ ಕೆಲಸ ಬಿಟ್ಟರೆ ಅವರಿಗೆ ಇನ್ನೇನಿದೆ?"

"ನನ್ ಮಗಳ ಬಾಳು ದೊಡ್ದಾ, ಅವ್ರ ಪಾಸು ದೊಡ್ದಾ, ನೀವೇ ಯೋಳಿ."

ನನಗೆ ಸಿಟ್ಟು ಬಂತು. ಈ ಕಾಲದಲ್ಲೂ ಇಂಥ ಮಾತೇ ಎಂದು ನಾಲ್ಕು ಕಟುವಾದ ಮಾತು ಆಡಿದೆ. ಆದರೆ ನಿಜ ಹೇಳುತ್ತೇನೆ, ಫೋನ್ ಇಟ್ಟ ಮೇಲೆ ಆ ಹಾಡನ್ನು ಇನ್ನೊಮ್ಮೆ ಕೇಳಲು ನನಗೇ ಧೈರ್ಯ ಬರಲಿಲ್ಲ. ಕೇಂದ್ರದ ಕೋಣೆಯಲ್ಲಿ ಒಬ್ಬಳೇ ಇರುವಾಗ ಆ ನಿಶ್ಶಬ್ದ ನೆನಪಾದರೆ ಎದ್ದು ಬಾಗಿಲು ತೆರೆದಿಡುತ್ತಿದ್ದೆ. ದೆವ್ವ ಭೂತ ನಂಬಿದವಳಲ್ಲ ನಾನು. ಹೆದರಿಕೆಗೆ ನಂಬಿಕೆ ಬೇಕೇಬೇಕು ಎಂದೇನಿಲ್ಲ ಎಂದು ಆಗ ಗೊತ್ತಾಯಿತು.

ಒಪ್ಪಿಸಿದ ಪ್ರಾಜೆಕ್ಟನ್ನು ತಿದ್ದಬೇಕಾದರೆ ನಾಲ್ವರೂ ಒಪ್ಪಬೇಕೆಂಬುದು ನಮ್ಮ ನಿಯಮ. ಆ ನಿಯಮವನ್ನು ನಾನು ಗಟ್ಟಿಯಾಗಿ ಹಿಡಿದೆ. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ, ನಾಲ್ವರೂ ಎದುರೆದುರು ಕೂತು ಹೇಳಿ, ಜಯಮ್ಮನ ಊರಿಗೇ ಹೋಗೋಣ ಎಂದೆ. ನಾಗರತ್ನಮ್ಮ ಬರಲಾರರು ಎಂದುಕೊಂಡಿದ್ದೆ. ಕೆ.ಆರ್.ಪೇಟೆ ಬಸ್ ಸ್ಟಾಂಡಿನಲ್ಲಿ ನಮಗಿಂತ ಮೊದಲೇ ಬಂದು ನಿಂತಿದ್ದರು. ಅಲ್ಲಿಂದ ಆಟೋ ಹಿಡಿದೆವು.

ಮಧ್ಯಾಹ್ನದ ಬಿಸಿಲು. ಜಗುಲಿಯ ಮೇಲೆ ಹಗ್ಗದ ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಜಯಮ್ಮ ಹಿತ್ತಲಿನಿಂದ ಸೆಗಣಿ ಕೈ ತೊಳೆದುಕೊಂಡು ಬಂದರು. ಖಾಲಿ ಮುಂಗೈ ನೋಡಿದ ಕೂಡಲೇ ಸುಮಿತ್ರ ಮುಖ ತಿರುಗಿಸಿದಳು. ನಾಗರತ್ನಮ್ಮ ಜಗುಲಿ ಹತ್ತದೆ ಅಂಗಳದಲ್ಲೇ ನಿಂತರು. ಯಾಕೆ ಬಂದಿದ್ದೇವೆ ಎಂದು ಜಯಮ್ಮನಿಗೆ ಗೊತ್ತಿತ್ತು, ಶೀಳನೆರೆಯಿಂದ ಸುದ್ದಿ ಮುಟ್ಟಿತ್ತು.

"ತೆಗ್ದಾಕಿ ಮೇಡಂನೋರೆ," ಎಂದರು. "ಮದ್ವೆಲಿ ಹಾಕ್ತಾರೆ ಅಂತ ನಂಗೊತ್ತಿರ್ನಿಲ್ಲ, ಬರೀ ಪರೀಕ್ಸೆಗೆ ಅಂದ್ಕಂಡಿದ್ದೆ. ನಾ ಬುಟ್ಬುಟ್ರೆ ಈ ಮೂರ್ ಜನುಕ್ಕೂ ವರ್ಸ ಓಗ್ತಿತ್ತು. ಇಂಗಿಂಗೆ ಅಂದ್ರೆ ನೀವೇ ಬ್ಯಾಡ ಅಂತಿದ್ರಿ. ಅದ್ಕೇ ಯಾರ್ಗೂ ಯೋಳ್ನಿಲ್ಲ."

ನಾನು ನಾಗರತ್ನಮ್ಮನ ಕಡೆ ನೋಡಿದೆ. ಜಯಮ್ಮ ಒಪ್ಪಿದ್ದಾಯಿತು, ಇನ್ನು ಅವರು ಹೂಂ ಎಂದರೆ ಈ ಮನೆಯ ದಾರಿ ಮುಚ್ಚಿದ ಹಾಗೆ. ಅವರು ಬಹಳ ಹೊತ್ತು ಆ ಎತ್ತಿ ನಿಲ್ಲಿಸಿದ ಮಂಚವನ್ನೇ ನೋಡುತ್ತಿದ್ದರು. ಆಮೇಲೆ ಅವರ ಬಾಯಿಂದ ಬಂದ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ.

"ತೆಗಿಯೋದ್ ಇರ್ಲಿ ಅಕ್ಕ. ಶುರು ಮಾಡಿದ್ ಸೋಬಾನ ಅರ್ಧುಕ್ಕೆ ನಿಲ್ಲುಸ್ಬಾರ್ದು ಅಂತ ನಮ್ಮವ್ವ ಯೋಳೋಳು. ನನ್ ಮಗಳ ಹಸೆ ಮುಂದೆ ನಾನೇ ನಿಲ್ಲುಸ್ಬುಟ್ಟೆ. ಅವತ್ತಿಂದ ನನ್ ಕಿವೀಲಿ ಆ ಸಾಲು ಅಂಗೇ ನಿಂತದೆ, ಮುಂದುಕ್ ಓಗಾಕಿಲ್ಲ. ಎಲ್ಲಿಗ್ ನಿಂತಿತ್ತೋ ಅಲ್ಲಿಂದ ನೀನೇ ಮುಗ್ಸಿಕೊಡು."

"ನಾನಾ? ಈ ಕೈಲಾ?"

"ನೀನೇ ಎತ್ತಿದ್ ಪದ. ಬೇರೆಯೋರು ಮುಗ್ಸಕ್ಕಾದದಾ?"

ಒಂದು ಭಯವನ್ನು ಅದಕ್ಕಿಂತ ದೊಡ್ಡ ಇನ್ನೊಂದು ಭಯ ನೂಕಿತ್ತು. ಮನೆಯೊಳಗೆ ಸೋಬಾನೆ ಬೇಡವೆಂದು ಕೊಟ್ಟಿಗೆಗೆ ಹೋದೆವು. ಜಯಮ್ಮ ಕಲ್ಲಿನ ಮೇಲೆ ಕೂತರು, ಮೂವರೂ ಎದುರಿಗೆ ಚೀಲ ಹಾಸಿಕೊಂಡು ಕೂತರು. ಇಷ್ಟು ತಿಂಗಳು ಒಟ್ಟಿಗೆ ಹಾಡಿದವರು ಒಂದು ಜಾಗದಲ್ಲಿ ಕೂತು ಹಾಡಿದ್ದು ಅದೇ ಮೊದಲು.

ಜಯಮ್ಮ ಸಾಲು ಎತ್ತಿದರು. ಮೂವರೂ ಸೊಲ್ಲು ಕೊಟ್ಟರು. ಸೊಲ್ಲು ಮುಗಿಯಿತು. ಜಯಮ್ಮ ಸುಮ್ಮನೇ ಇದ್ದರು. ಮರೆತರೇನೋ ಅನ್ನಿಸುವಷ್ಟು ಹೊತ್ತು ಕಳೆದ ಮೇಲೆ ಮುಂದಿನ ಸಾಲು ಬಂತು. ಮತ್ತೆ ಸೊಲ್ಲು, ಮತ್ತೆ ಅದೇ ಮೌನ. ಈಗ ಸೊಲ್ಲು ಕೊಡುವವರು ಎದುರಿಗೇ ಇದ್ದರು, ಖಾಲಿ ಜಾಗ ಬಿಡುವ ಅಗತ್ಯವೇ ಇರಲಿಲ್ಲ. ಆ ಮೌನ ಬಂದಾಗಲೆಲ್ಲ ಕಟ್ಟಿದ್ದ ಹಸು ಮೇಯುವುದನ್ನು ನಿಲ್ಲಿಸಿ ಜಗುಲಿಯ ಕಡೆ ಕಿವಿ ತಿರುಗಿಸುತ್ತಿತ್ತು. ಹಸು ಎಲ್ಲಿ ಬೇಕಾದರೂ ಕಿವಿ ತಿರುಗಿಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹಾಡು ಮುಗಿದ ಮೇಲೆ ಮಹದೇವಮ್ಮ ಮೆಲ್ಲಗೆ ಕೇಳಿದರು. "ಯಾಕಕ್ಕ, ನಾವ್ ಸೊಲ್ಲು ಕೊಟ್ಟಾದ್ ಮ್ಯಾಲೂ ಅಷ್ಟೊತ್ತು ನಿಲ್ಲುಸ್ತೀಯ?"

ಜಯಮ್ಮ ತಲೆ ತಗ್ಗಿಸಿ ಬರಿಗೈ ನೋಡಿಕೊಂಡರು. "ಪದದ ಮ್ಯಾಲೆ ಕೆಮ್ಮು ಬೀಳಬಾರ್ದು ಅಂತ ನೀವು ಯೋಳಕ್ ಮುಂಚಿಂದ್ಲೂ ಅವ್ರಿಗೇ ಇತ್ತು. ನಾ ಸಾಲು ಯೋಳೋಗಂಟ ಬಾಯ್ಗೆ ಟವಲ್ ಒತ್ಕಂಡು ತಡ್ಕಳೋರು. ನಾ ಸುಮ್ಕಾದಾಗ ಕೆಮ್ಮೋರು. ಅಲ್ಲಿ ಅವ್ರೆಲ್ಲ ಪದ ಯೋಳ್ತಾರಲ್ಲ, ಅದ್ರಾಗೆ ಮುಚ್ಚೋಯ್ತದೆ ಬುಡು ಅನ್ನೋರು. ಅವ್ರು ಕೆಮ್ಮಿ ಮುಗ್ಸಿದ್ ಮ್ಯಾಲೇ ನಾನು ಮುಂದುಕ್ ಎತ್ತುತಿದ್ದಿದ್ದು. ಅದೇ ನಂಗೆ ಲೆಕ್ಕ." ಸ್ವಲ್ಪ ತಡೆದು ಹೇಳಿದರು. "ಕೊನೇ ಪದುಕ್ಕೂ ಅಷ್ಟೊತ್ತು ಕಾಯ್ದೆ. ಕಾಯ್ದೇ ಇದ್ರೆ ಮುಂದಿನ್ ಸಾಲು ಬಾಯ್ಗೇ ಬರಾಕಿಲ್ಲ."

ಸುಮಿತ್ರ ಬಿಕ್ಕಿ ಬಿಕ್ಕಿ ಅತ್ತಳು. ಅವಳು ತಿಂಗಳುಗಟ್ಟಲೆ ಕತ್ತರಿಸಿ ಎಸೆದದ್ದು ಏನು ಎಂದು ಈಗ ಅವಳಿಗೆ ತಿಳಿದಿತ್ತು, ಅದನ್ನು ತಿರುಗಿ ತರುವ ದಾರಿಯಿರಲಿಲ್ಲ. ನಾಗರತ್ನಮ್ಮ ಎದ್ದು ಬಂದು ಜಯಮ್ಮನ ಪಕ್ಕದ ಕಲ್ಲಿನ ಮೇಲೆ ಕೂತರು. ದನಿ ತೆಗೆಯುವ ಮಾತು ಮತ್ತೆ ಬರಲಿಲ್ಲ. ಹಾಗೆಂದು ಅವರು ಆ ಹಾಡನ್ನು ಮಗಳಿಗೆ ಕೇಳಿಸಲಿಲ್ಲ, ತಮ್ಮ ಮೊಬೈಲಿನಿಂದಲೂ ಅಳಿಸಿದರು. ಅದು ಅವರ ಹಕ್ಕು.

ನಾಲ್ವರೂ ಪಾಸಾದರು. ಜಯಮ್ಮನಿಗೆ ಡೇರಿ ಕೆಲಸ ಸಿಕ್ಕಿತು. ನಾನು ಈಗ ನಿವೃತ್ತಳು, ಆದರೂ ಫೋನಿನಲ್ಲಿ ಪಾಠ ಕೇಳುವವರು ಇದ್ದಾರೆ. ದೂರದಿಂದ ಕೆಲಸ ಮಾಡುವವರ ಜೊತೆ ಬಾಳಿದ್ದರಿಂದ ನಾನು ಕಲಿತದ್ದು ಒಂದೇ. ಯಾರಾದರೂ ಒಂದು ಸದ್ದೂ ಇಲ್ಲದ ಅಚ್ಚುಕಟ್ಟಾದ ರೆಕಾರ್ಡಿಂಗ್ ಕಳಿಸಿದರೆ ನಾನು ಭೇಷ್ ಎಂದು ಬರೆಯುವುದಿಲ್ಲ. ಮೊದಲು ಫೋನ್ ಮಾಡಿ, ಮನೆಯಲ್ಲಿ ಎಲ್ಲರೂ ಇದ್ದೀರಾ ಎಂದು ಕೇಳುತ್ತೇನೆ.

ಜಯಮ್ಮ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾರೆ. ಡೇರಿ, ಹಸು, ಮಳೆ, ಇಷ್ಟೇ ಮಾತು. ಒಂದು ಮಾತು ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಅವರು ಸುಮ್ಮನಾಗುತ್ತಾರೆ. ಮೊದಮೊದಲು ನೆಟ್‌ವರ್ಕ್ ಹೋಯಿತೆಂದು ಹಲೋ ಹಲೋ ಎನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ಅವರ ಜೊತೆ ನಾನೂ ಅಷ್ಟು ಹೊತ್ತು ಕಾಯುತ್ತೇನೆ.